ಮಾತು ಬಲ್ಲ ಮಗುವಿನ ಕಡತ ಯಾವ ಕಪಾಟಿನಲ್ಲಿದೆ? ಕೋಲಾರ ಜಿಲ್ಲಾಧಿಕಾರಿಗಳಿಗೂ ಜಿಲ್ಲೆಯ ಜನರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಮೇಲಧಿಕಾರಿಗಳ ಮುಂದಿಡುವ ಟಿಪ್ಪಣಿ ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದವನಿಗೆ ಒಂದು ಪತ್ರ ಬರೆಯುವುದು ಕಷ್ಟವಾಗಬಾರದು. ಆದರೆ ಈ ವಿಷಯವನ್ನು ಯಾವ ಶಾಖೆಯ ಯಾವ ಕಡತಕ್ಕೆ ಸೇರಿಸಬೇಕೆಂಬುದೇ ಬಗೆಹರಿಯಲಿಲ್ಲ. ಆರೋಗ್ಯ ಇಲಾಖೆಗೆ ಕಳಿಸೋಣವೆಂದರೆ ಮಗುವಿಗೆ ಕಾಯಿಲೆಯಿಲ್ಲ. ಶಿಕ್ಷಣ ಇಲಾಖೆಗೆ ಕಳಿಸೋಣವೆಂದರೆ ಓದಿನಲ್ಲಿ ಹಿಂದೆ ಬಿದ್ದಿಲ್ಲ. ವಿಕಲಚೇತನರ ಇಲಾಖೆಗೆ ಕಳಿಸೋಣವೆಂದರೆ ಪ್ರಮಾಣಪತ್ರವಿಲ್ಲ. ಹೀಗೆ ಎಲ್ಲಿಗೂ ಸೇರದ ಕಾಗದಗಳನ್ನು ನಮ್ಮ ಕಾಲದಲ್ಲಿ 'ಇತರೆ' ಎಂದು ಬರೆದ ಕಪಾಟಿನಲ್ಲಿ ಇಡುತ್ತಿದ್ದೆವು. ಆ ಕಪಾಟನ್ನು ತೆರೆಯುವವರು ಯಾರೂ ಇರಲಿಲ್ಲ. ಆದ್ದರಿಂದಲೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿ ಚುರುಕಾಗಿರುವ, ಮಾತು ಚೆನ್ನಾಗಿ ಬರುವ, ಆದರೂ ಆಟಿಸಂ (ಬೇರೆಯವರೊಡನೆ ಒಡನಾಡುವುದು ಕಷ್ಟವಾಗುವ, ಮೆದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ) ಇರುವ ಮಕ್ಕಳ ಮನೆಗಳು ನಮ್ಮ ಜಿಲ್ಲೆಯಲ್ಲಿ ಒಂದರ ಸುಳಿವು ಇನ್ನೊಂದಕ್ಕೆ ಇಲ್ಲದೆ ಹೆಣಗುತ್ತಿವೆ. ಅವುಗಳನ್ನು ಒಂದೆಡೆ ಸೇರಿಸಲು ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ, ಶಂಕುಸ್ಥಾಪನೆಯಂತೂ ಬೇಡವೇ ಬೇಡ. ಈಗ ಇರುವ ಅಧಿಕಾರ, ಈಗ ಇರುವ ಕೊಠಡಿ, ಈಗ ಇರುವ ಸಿಬ್ಬಂದಿ ಸಾಕು.

ನನ್ನ ಮಗಳ ಮಗ ಏಳನೆಯ ತರಗತಿಯಲ್ಲಿದ್ದಾನೆ. ಬೆಂಗಳೂರಿನ ವೈದ್ಯರು ಅವನ ಚೀಟಿಯಲ್ಲಿ 'ಆಸ್ಪರ್ಜರ್ ಸಿಂಡ್ರೋಮ್' ಎಂದು ಬರೆದು, ಅದರ ಪಕ್ಕದಲ್ಲಿ 'ಆಟಿಸಂ ಸ್ಪೆಕ್ಟ್ರಮ್' ಎಂದೂ ಸೇರಿಸಿದರು. ಎರಡೆರಡು ಏಕೆಂದು ಕೇಳಿದ್ದಕ್ಕೆ, ಮೊದಲನೆಯದನ್ನು ಈಗ ಪುಸ್ತಕದಿಂದ ತೆಗೆದಿದ್ದಾರೆ ಎಂದರು. ಅದು ನಿಜ. ವಿಯೆನ್ನಾದ ಮಕ್ಕಳ ವೈದ್ಯ ಹ್ಯಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಮಕ್ಕಳನ್ನು ಕುರಿತು ಬರೆದಿದ್ದ. ಇಂಗ್ಲೆಂಡಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ಬರೆದ ಲೇಖನದಿಂದ ಆ ಹೆಸರು ಲೋಕಕ್ಕೆಲ್ಲ ಹರಡಿತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ಹೆಸರಾಗಿ ಉಳಿಸಿಕೊಳ್ಳದೆ ಆಟಿಸಂನೊಳಗೆ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಹಾಗೆಯೇ ಮಾಡಿದೆ. ನಾತ್ಸಿಗಳ ಕಾಲದಲ್ಲಿ ಆಸ್ಪರ್ಜರ್ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಕೆಲವು ಮಕ್ಕಳನ್ನು ಕಳಿಸಿಕೊಟ್ಟಿದ್ದ ಎಂಬುದಕ್ಕೆ 2018ರಲ್ಲಿ ದಾಖಲೆಗಳು ಹೊರಬಂದ ಮೇಲೆ ಅನೇಕರಿಗೆ ಆ ಹೆಸರೇ ಹೇಸಿಗೆಯಾಗಿದೆ. ಆದರೂ ಎಷ್ಟೋ ಮನೆಗಳ ಚೀಟಿಯಲ್ಲಿ ಇರುವುದು ಅದೇ ಆದ್ದರಿಂದ ಇಲ್ಲಿ ನಾನೂ ಅದನ್ನೇ ಬಳಸುತ್ತೇನೆ.

ಲೋರ್ನಾ ವಿಂಗ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಆಕೆ ವೈದ್ಯೆ ಮಾತ್ರವಲ್ಲ, ಆಟಿಸಂ ಇದ್ದ ಮಗಳೊಬ್ಬಳ ತಾಯಿ. 1962ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಘವನ್ನು ಕಟ್ಟಿದ ತಂದೆ ತಾಯಿಗಳ ಗುಂಪಿನಲ್ಲಿ ಆಕೆಯೂ ಇದ್ದಳು. ಆಕೆಯ 1981ರ ಲೇಖನ ಬರುವುದಕ್ಕೆ ಸುಮಾರು ಎರಡು ದಶಕ ಮೊದಲೇ ಮನೆಗಳು ಒಂದಾಗಿದ್ದವು. ಶಾಸ್ತ್ರ ನಿಧಾನವಾಗಿ ಹಿಂದಿನಿಂದ ಬಂತು.

ಈ ಮಕ್ಕಳು ಹೇಗಿರುತ್ತಾರೆಂದು ಗೊತ್ತಿಲ್ಲದವರಿಗೆ ನಮ್ಮೂರಿನ ಹಾಲಿನ ಡೇರಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಮೊಮ್ಮಗನಿಗೆ ಅಂಕಿಗಳೆಂದರೆ ಪ್ರಾಣ. ಊರಿನ ಪ್ರತಿ ಕೊಳವೆಬಾವಿಯ ಆಳ, ಅದು ಬತ್ತಿದ ವರ್ಷ, ಮೋಟಾರಿನ ಅಶ್ವಶಕ್ತಿ ಅವನ ಬಾಯಲ್ಲಿವೆ. ಡೇರಿಯಲ್ಲಿ ಹಾಲು ಅಳೆಯುವ ಯಂತ್ರದ ಮುಂದೆ ನಿಂತು ಪರದೆಯ ಮೇಲೆ ಮೂಡುವ ಫ್ಯಾಟ್ ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ ಹೇಳುವ ಎಸ್‌ಎನ್‌ಎಫ್ ಓದುವುದು ಅವನಿಗೆ ದಿನದ ಹಬ್ಬ. ಒಂದು ಬೆಳಿಗ್ಗೆ ಊರಿನ ಹಿರಿಯರೊಬ್ಬರು ಕ್ಯಾನು ಸುರಿದಾಗ ಅವನು ಇಡೀ ಸಾಲಿಗೆ ಕೇಳುವಂತೆ, 'ಇವರ ಎಸ್‌ಎನ್‌ಎಫ್ 7.6. ಹಸುವಿನ ಹಾಲಿಗೆ 8.5 ಇರಬೇಕು. ನೀರು ಬೆರೆತಿದೆ' ಎಂದು ಘೋಷಿಸಿದ. ಒಂದು ಕ್ಷಣ ಬಿಟ್ಟು, ನ್ಯಾಯ ತಪ್ಪಬಾರದೆಂದು, 'ಇಲ್ಲದಿದ್ದರೆ ಹಸುವಿಗೆ ಸರಿಯಾಗಿ ಮೇವು ಹಾಕುತ್ತಿಲ್ಲ' ಎಂದೂ ಸೇರಿಸಿದ. ಮೊದಲನೆಯದು ಮರ್ಯಾದೆಗೆ ಕುಂದಾದರೆ ಎರಡನೆಯದು ಅದಕ್ಕಿಂತ ದೊಡ್ಡ ಕುಂದು. ಅವರ ಮುಖ ಕೆಂಪಾದದ್ದು ಎಲ್ಲರಿಗೂ ಕಂಡಿತು, ಇವನೊಬ್ಬನಿಗೆ ಕಾಣಲಿಲ್ಲ. ಮರುದಿನವೂ ಅವರ ಪಕ್ಕದಲ್ಲೇ ಹೋಗಿ ನಿಂತ.

ಜಗಳ ಮಾಡಬೇಕೆಂಬ ಉದ್ದೇಶ ಅವನಲ್ಲಿ ಎಳ್ಳಷ್ಟೂ ಇರಲಿಲ್ಲ. ಕಂಡ ಅಂಕಿಯನ್ನು ಹೇಳಿದ, ಅಷ್ಟೇ. ಎದುರಿನವರ ಮುಖಭಾವ, ದನಿಯ ಏರಿಳಿತ, ಮಾತಿನ ಹಿಂದಿನ ಮಾತು ಇವೆಲ್ಲ ನಮಗೆ ತಾವಾಗಿ ತಿಳಿಯುತ್ತವೆ. ಅವನು ಅವನ್ನು ಗಣಿತ ಕಲಿತಂತೆ ಒಂದೊಂದಾಗಿ ಕಲಿಯಬೇಕು. ಅದರ ಜೊತೆಗೆ ಕಿವಿ, ಚರ್ಮ, ಮೂಗುಗಳಿಗೆ ತಡೆಯಲಾಗದಷ್ಟು ಸೂಕ್ಷ್ಮತೆ. ತಮಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಕ್ಷೌರದ ಯಂತ್ರದ ಸದ್ದಿಗೆ ಚೀರುತ್ತಾನೆ. ದಿನದ ಕ್ರಮ ತಪ್ಪಿದರೆ, ಎಂದಿನ ಬಸ್ಸಿನ ಬದಲು ಬೇರೆ ಬಸ್ಸು ಬಂದರೆ, ಒಂದು ಗಂಟೆಯ ರೋದನ. ಇದನ್ನೆಲ್ಲ ಕಂಡವರು ಕೊಡುವ ತೀರ್ಪು ಮೂರೇ: ಸೊಕ್ಕು, ಮೊಬೈಲು, ತಾಯಿಯ ಮುದ್ದು.

ತಾಯಿಯ ಮೇಲೆ ಹೊರಿಸುವುದು ನಮ್ಮೂರಿನವರ ಆವಿಷ್ಕಾರವೇನಲ್ಲ. ಕಳೆದ ಶತಮಾನದ ಮಧ್ಯದಲ್ಲಿ ಅಮೆರಿಕದ ದೊಡ್ಡ ದೊಡ್ಡ ಪಂಡಿತರೇ ತಾಯಂದಿರ ತಣ್ಣನೆಯ ಸ್ವಭಾವದಿಂದ ಮಗುವಿಗೆ ಆಟಿಸಂ ಬರುತ್ತದೆಂದು ಬರೆದಿದ್ದರು. ಅದನ್ನು 1964ರಲ್ಲಿ ಪುಸ್ತಕ ಬರೆದು ಅಲ್ಲಗಳೆದ ಬರ್ನಾರ್ಡ್ ರಿಮ್ಲಂಡ್ ಕೂಡ ಮನಶ್ಶಾಸ್ತ್ರಜ್ಞನಾಗಿದ್ದಂತೆಯೇ ಆಟಿಸಂ ಇದ್ದ ಮಗನೊಬ್ಬನ ತಂದೆ. ಅಲ್ಲಿ ತಾಯಿ ಮುದ್ದು ಮಾಡಲಿಲ್ಲವೆಂದು ಆರೋಪ, ಇಲ್ಲಿ ಮುದ್ದು ಮಾಡಿದಳೆಂದು. ಆರೋಪಿ ಮಾತ್ರ ಬದಲಾಗಿಲ್ಲ. ಮೆದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಇದು. ವಂಶವಾಹಿಗಳ ಪಾಲು ಇದರಲ್ಲಿ ದೊಡ್ಡದು. ಲಸಿಕೆಯಿಂದ ಬರುತ್ತದೆಂದು 1998ರಲ್ಲಿ ಪ್ರಕಟವಾದ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ಇನ್ನು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದು ಶಿಫಾರಸು ಮಾಡುವ ಚಿಕಿತ್ಸೆಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಇದನ್ನು ಓದುತ್ತಿರುವ ತಂದೆ ತಾಯಿಗಳು ದಯವಿಟ್ಟು ಜಮೀನು ಮಾರಬೇಡಿ.

ಈಗ ಪ್ರಮಾಣಪತ್ರದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ತಮ್ಮ ಕಚೇರಿಯ ಬಾಗಿಲು ತೆರೆಯುವ ಕೀಲಿ ಅದೇ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲವೆಂದೇ ಲೆಕ್ಕ. 70 ಮುಟ್ಟಿದರೆ ಶೇಕಡಾ 40ರ ಅಂಗವೈಕಲ್ಯವೆಂದು ಲೆಕ್ಕ. ಮಾತೇ ಬಾರದ, ಕರೆದರೂ ತಿರುಗದ ಮಕ್ಕಳನ್ನು ಈ ಮಾಪಕ ಚೆನ್ನಾಗಿ ಹಿಡಿಯುತ್ತದೆ. ಎದುರಿಗೆ ಕುಳಿತು, ಅಚ್ಚುಕಟ್ಟಾಗಿ ಉತ್ತರ ಕೊಟ್ಟು, ಪರೀಕ್ಷಿಸುವವರ ಕೈಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ತಿದ್ದುವ ಹುಡುಗ ಅದರ ಜಾಲರಿಯಿಂದ ನುಸುಳಿಬಿಡುತ್ತಾನೆ. ನಮ್ಮವನು ಗೆರೆಯ ಸ್ವಲ್ಪ ಕೆಳಗೆ ನಿಂತ. ಮನೆಯವರಿಗೆ ಅಭಿನಂದನೆ ಹೇಳಿ ಕಳಿಸಿದರು.

ಅಭಿನಂದನೆಯಿಂದ ಏನು ಬಂತು? ಆಟಿಸಂ ಮುಂತಾದವು ಇರುವವರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿಯ ಖರ್ಚೂ ಅದರೊಳಗೆ ಸೇರುತ್ತದೆ; ಪ್ರಮಾಣಪತ್ರವಿಲ್ಲದವನಿಗೆ ಇಲ್ಲ. ಬಸ್ ಪಾಸು ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಶ್ರೀನಿವಾಸಪುರದಿಂದ ಬೆಂಗಳೂರಿಗೆ ನನ್ನ ಮಗಳಿಗೆ ಟಿಕೆಟ್ ಇಲ್ಲ ಎಂಬುದೊಂದೇ ಸಮಾಧಾನ. ಮಗನಿಗೆ ಟಿಕೆಟ್ ಉಂಟು, ಜೊತೆಗೆ ಹೋಗುವ ನನಗೂ ಉಂಟು. ಶಾಲೆಯಲ್ಲಂತೂ, ಹೆಸರು ಹೇಳುವುದಿಲ್ಲ, ಹಿಂದಿನ ಶಾಲೆಯವರು 'ಸರ್ಟಿಫಿಕೇಟ್ ಇದ್ದರೆ ಅಂಗವಿಕಲ, ಇಲ್ಲದಿದ್ದರೆ ಅಶಿಸ್ತು' ಎಂದು ಎರಡೇ ಖಾನೆ ಇಟ್ಟುಕೊಂಡಿದ್ದರು. ಅಶಿಸ್ತಿನ ಖಾನೆಗೆ ಬಿದ್ದ ಹುಡುಗನಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ.

ಆದರೆ ಕಾನೂನು ಹೀಗೆ ಹೇಳುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಓದಿದರೆ 'ಅಂಗವೈಕಲ್ಯವಿರುವ ವ್ಯಕ್ತಿ' ಮತ್ತು 'ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ವ್ಯಕ್ತಿ' ಎಂದು ಎರಡನೆಯ ಪ್ರಕರಣದಲ್ಲೇ ಬೇರೆ ಬೇರೆ ವ್ಯಾಖ್ಯೆ ಇದೆ. ಶೇಕಡಾ 40ರ ಷರತ್ತು ಎರಡನೆಯವರಿಗೆ, ಅಂದರೆ ಮೀಸಲಾತಿಯಂಥ ಸವಲತ್ತುಗಳಿಗೆ. ಶಾಲೆಯ ಕರ್ತವ್ಯಗಳನ್ನು ಹೇಳುವ 16ನೆಯ ಪ್ರಕರಣದಲ್ಲಿ ಆ ಷರತ್ತೇ ಇಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಬಿಡಿಸಿ ಹೇಳಿತು. ಬರೆಯುವಾಗ ಕೈ ಸೆಳೆತದಿಂದ ಬಳಲುತ್ತಿದ್ದ ಅಭ್ಯರ್ಥಿಗೆ ಶೇಕಡಾ 40 ಇಲ್ಲವೆಂದು ಲಿಪಿಕಾರನನ್ನು ನಿರಾಕರಿಸಿದ್ದು ತಪ್ಪು, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಶೇಕಡಾವಾರು ಲೆಕ್ಕಕ್ಕೆ ಕಟ್ಟುಬಿದ್ದದ್ದಲ್ಲ ಎಂದಿತು. ಈ ತೀರ್ಪಿನ ಸಾರವನ್ನು ಒಂದು ಪುಟಕ್ಕೆ ಇಳಿಸಿ ಕನ್ನಡದಲ್ಲಿ ಜಿಲ್ಲೆಯ ಎಲ್ಲ ಮುಖ್ಯಶಿಕ್ಷಕರಿಗೆ ಸುತ್ತೋಲೆಯಾಗಿ ಕಳಿಸಿದರೆ ಎಷ್ಟೋ ಮಕ್ಕಳು ಬೆಂಚಿನಿಂದ ಕೆಳಗಿಳಿಯುತ್ತಾರೆ. ಕರಡು ಬೇಕಿದ್ದರೆ ನಾನು ಬರೆದುಕೊಡುತ್ತೇನೆ. ಕೈ ಇನ್ನೂ ನಡುಗುವುದಿಲ್ಲ.

ಇಷ್ಟು ಹಕ್ಕಿನ ಮಾತು. ಆದರೆ ಈ ಪತ್ರಕ್ಕೆ ಪ್ರೇರಣೆ ಹಕ್ಕಲ್ಲ, ಒಂದು ಬೆಂಚು. ಬೆಂಗಳೂರಿನ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ನನ್ನ ಮಗಳ ಪಕ್ಕದಲ್ಲಿ ಒಬ್ಬ ತಾಯಿ ಕುಳಿತಿದ್ದಳು. ಮಗಳು ತನ್ನ ಮಗನಿಗೆ ತೆಲುಗಿನಲ್ಲಿ ಗದರಿದ್ದನ್ನು ಕೇಳಿ ಆಕೆ ಮಾತಿಗಿಳಿದಳು. ನೋಡಿದರೆ ನಮ್ಮ ಪಕ್ಕದ ಪಂಚಾಯಿತಿಯವಳು. ಎರಡೂ ಮನೆಯವರು ಒಂದೇ ಸಂತೆಗೆ ಹೋಗುವವರು, ಒಂದೇ ಮಂಡಿಗೆ ಮಾವು ಹಾಕುವವರು. ಇಬ್ಬರ ಮಕ್ಕಳಿಗೂ ಇರುವುದು ಒಂದೇ. ಆದರೂ ಒಬ್ಬರನ್ನೊಬ್ಬರು ಕಂಡುಕೊಳ್ಳಲು ನೂರು ಕಿಲೋಮೀಟರಿನಷ್ಟು ದೂರ ಹೋಗಬೇಕಾಯಿತು.

ಆಕೆ ಮಗುವನ್ನು ಅಡಗಿಸಿಟ್ಟಿದ್ದಳು ಎಂದರೆ ತಪ್ಪಾಗುತ್ತದೆ. ಮಗು ಶಾಲೆಗೆ ಹೋಗುತ್ತಿತ್ತು, ಅಡಗಿಸಿಟ್ಟದ್ದು ಚೀಟಿಯನ್ನು. ಮನೆಯಲ್ಲಿ ಮದುವೆಯ ವಯಸ್ಸಿನ ನಾದಿನಿ ಇದ್ದಳು. 'ಆ ಮನೆಯಲ್ಲಿ ಹುಡುಗ ಒಂದು ಥರ' ಎಂಬ ಮಾತು ಹೊರಗೆ ಬಿದ್ದರೆ ಗಂಡಿನ ಕಡೆಯವರು ಮರಳಿ ಬರುವುದಿಲ್ಲ. ಈ ಭಯ ನಮ್ಮ ಸೀಮೆಯಲ್ಲಿ ಎಷ್ಟು ಆಳವಾಗಿದೆ ಎಂದು ಮದುವೆ ಮಾತುಕತೆಗಳಲ್ಲಿ ಕುಳಿತವರಿಗೆಲ್ಲ ಗೊತ್ತು. ಆದ್ದರಿಂದಲೇ ಇಂಥ ಮನೆಗಳ ಪಟ್ಟಿಯನ್ನು ಹೊರಡಿಸಿ ಎಂದು ನಾನು ಕೇಳುವುದಿಲ್ಲ. ಯಾರೂ ಕೇಳಬಾರದು ಕೂಡ.

ಆ ಬೆಂಚಿನಿಂದ ಶುರುವಾಗಿ, ಬಾಯಿಂದ ಬಾಯಿಗೆ ಹೋಗಿ, ಐದಾರು ಮನೆಗಳವರು ಈಗ ತಿಂಗಳಿಗೊಮ್ಮೆ ಒಂದು ಮಾವಿನ ತೋಟದ ಮನೆಯಲ್ಲಿ ಸೇರುತ್ತಿದ್ದಾರೆ. ಭಾಷಣವಿಲ್ಲ, ಅಧ್ಯಕ್ಷರಿಲ್ಲ. ಅಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಮುದಾಯದ ಬೆಂಬಲ ಎಂದರೇನು ಎಂದು ನನಗೆ ತಿಳಿದದ್ದು ಅಲ್ಲಿಯೇ.

ಮೊದಲು ಸಿಗುವುದು ಮಾಹಿತಿ, ಅದೂ ಯಾವ ವೈದ್ಯರೂ ಹೇಳದಂಥದ್ದು. ಯಾವ ಕ್ಷೌರಿಕ ಯಂತ್ರ ಬಿಟ್ಟು ಕತ್ತರಿಯಲ್ಲೇ, ಅಂಗಡಿ ಮುಚ್ಚಿದ ಮೇಲೆ, ತಾಳ್ಮೆಯಿಂದ ಕೂದಲು ಕತ್ತರಿಸುತ್ತಾನೆ. ಯಾವ ದರ್ಜಿ ಅಂಗಿಯ ಕತ್ತಿನ ಪಟ್ಟಿ ಚುಚ್ಚದಂತೆ ಹೊಲಿಯುತ್ತಾನೆ. ಮುಳಬಾಗಿಲಿನ ಕಡೆಯ ಒಬ್ಬ ತಾಯಿ ಮರುದಿನದ ಕೆಲಸಗಳನ್ನೆಲ್ಲ ಹಿಂದಿನ ರಾತ್ರಿ ಚಿತ್ರ ಬರೆದು ಗೋಡೆಗೆ ಅಂಟಿಸುತ್ತಾಳೆ: ಹಲ್ಲುಜ್ಜುವುದು, ಬಸ್ಸು, ಶಾಲೆ, ಅಜ್ಜಿಯ ಮನೆ. ಕ್ರಮ ಬದಲಾಗುವುದಿದ್ದರೆ ಆ ಚಿತ್ರದ ಮೇಲೆ ಕೆಂಪು ಗೆರೆ ಎಳೆದು ಮೊದಲೇ ತಿಳಿಸುತ್ತಾಳೆ. ಮಗುವಿನ ರಂಪ ಅರ್ಧಕ್ಕೆ ಇಳಿಯಿತೆಂದು ಆಕೆ ಹೇಳಿದಾಗ ನನ್ನ ಮಗಳು ಅಲ್ಲೇ ಕಾಗದ ತೆಗೆದು ಬರೆಯತೊಡಗಿದಳು. ಆಕೆಗೆ ಇದನ್ನು ಬೆಂಗಳೂರಿನಲ್ಲಿ ಹೇಳಿಕೊಟ್ಟಿದ್ದರು. ನಮಗೂ ಹೇಳಿದ್ದರಂತೆ, ಇಂಗ್ಲಿಷಿನಲ್ಲಿ, ಐದು ನಿಮಿಷದಲ್ಲಿ, ಮಗು ಅಳುತ್ತಿರುವಾಗ.

ಭಾಷೆಯ ಗೊಂದಲ ಬಗೆಹರಿದದ್ದೂ ಅಲ್ಲಿಯೇ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲವರಲ್ಲಿ ಉರ್ದು, ಕೆ.ಜಿ.ಎಫ್. ಕಡೆ ತಮಿಳು. ಮಗುವಿಗೆ ತೊಂದರೆಯಿದ್ದರೆ ಮನೆಯ ನುಡಿ ಬಿಟ್ಟು ಒಂದೇ ಭಾಷೆ, ಸಾಧ್ಯವಾದರೆ ಇಂಗ್ಲಿಷ್, ಆಡಿ ಎಂದು ಸಲಹೆ ಕೊಡುವವರು ಸಾಕಷ್ಟಿದ್ದಾರೆ. ಎರಡು ನುಡಿ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹೆಚ್ಚಿನ ಹಾನಿಯಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಅಜ್ಜಿಯೊಡನೆ ಮಾತು ನಿಂತರೆ ಆಗುವ ಹಾನಿಯಂತೂ ಕಣ್ಣಿಗೇ ಕಾಣುತ್ತದೆ. ಮೂರು ವರ್ಷ ಮಗುವಿನ ಜೊತೆ ತನಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಾತಾಡಿದ ತಂದೆಯೊಬ್ಬರು ಮತ್ತೆ ತೆಲುಗಿಗೆ ಮರಳಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದರಂತೆ.

ಮತ್ತೊಂದು ಸಂಗತಿ ಅಷ್ಟೇ ಮುಖ್ಯ, ಹೇಳಲು ಮಾತ್ರ ಕಷ್ಟ. ಅಲ್ಲಿ ಯಾರೂ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಒಬ್ಬ ಹುಡುಗ ಮೂಲೆಯಲ್ಲಿ ಕುಳಿತು ರೈಲು ಗಾಡಿಗಳ ಸಂಖ್ಯೆ ಹೇಳುತ್ತಿರುತ್ತಾನೆ, ಒಬ್ಬ ಹುಡುಗಿ ಇರುವೆಗಳ ಸಾಲಿನ ಹಿಂದೆ ನಡೆಯುತ್ತಿರುತ್ತಾಳೆ, ನಮ್ಮವನು ತೋಟದ ಕೊಳವೆಬಾವಿಯ ಆಳ ವಿಚಾರಿಸುತ್ತಿರುತ್ತಾನೆ. ತಾಯಂದಿರು ಬಿಸಿ ಬಿಸಿ ಕಾಫಿ ಕುಡಿಯುತ್ತಾರೆ. ಬಿಸಿಯಾಗಿರುವಾಗಲೇ ಕಾಫಿ ಕುಡಿದು ಮುಗಿಸುವುದು ಅವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಸಿಕ್ಕ ಭಾಗ್ಯ. ಗಂಡಸರು ಮೊದಲು ಬರುತ್ತಿರಲಿಲ್ಲ, ಈಗ ಇಬ್ಬರು ಮೂವರು ಬರುತ್ತಾರೆ. ತೋಟದ ಮಾತು, ಟೊಮೆಟೊ ದರದ ಮಾತು ಆಡಿ, ಹೊರಡುವ ಹೊತ್ತಿಗೆ ಒಂದು ವಾಕ್ಯ ಮಗನ ಬಗ್ಗೆ ಹೇಳುತ್ತಾರೆ. ಅದೂ ಸಾಕು.

ಇದೆಲ್ಲ ಭಾವುಕತೆ ಎಂದು ಯಾವ ಅಧಿಕಾರಿಯಾದರೂ ಟಿಪ್ಪಣಿ ಹಾಕುವ ಮುನ್ನ ಎರಡು ಸಂಗತಿಗಳನ್ನು ಗಮನಕ್ಕೆ ತರುತ್ತೇನೆ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ಆಟಿಸಂ ಇರುವ ಚಿಕ್ಕ ಮಕ್ಕಳ ತಂದೆ ತಾಯಿಗಳಿಗೆ ಮಗುವಿನೊಡನೆ ಒಡನಾಡುವ ಬಗೆ ಕಲಿಸಲಾಯಿತು. ತಂದೆ ತಾಯಿ ಮತ್ತು ಮಗುವಿನ ನಡುವಿನ ಸಂವಹನ ಸುಧಾರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಮನೆಗಳಿಗೆಂದೇ ಪಾಲಕರ ಕೌಶಲ ತರಬೇತಿಯನ್ನು ರೂಪಿಸಿದೆ: ಒಂಬತ್ತು ಗುಂಪು ಸಭೆಗಳು, ಮೂರು ಮನೆ ಭೇಟಿಗಳು, ನಡೆಸಿಕೊಡಲು ಮನೋವೈದ್ಯರೇ ಆಗಬೇಕೆಂದಿಲ್ಲ. ಎರಡೂ ಚಿಕ್ಕ ವಯಸ್ಸಿನ ಮಕ್ಕಳ ಮನೆಗಳಿಗೆ ರೂಪುಗೊಂಡವು, ನಿಜ. ಆದರೆ ತಜ್ಞರಿಲ್ಲದ ಊರಿನಲ್ಲೂ ಕೆಲಸ ಸಾಗುತ್ತದೆಂಬುದಕ್ಕೆ ಸಾಕ್ಷಿ. ನಮಗೇನೂ ಇದು ಹೊಸತಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೇ ಮಾನಸಿಕ ಆರೋಗ್ಯದ ಕೆಲಸ ಕಲಿಸಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳ್ಳಾರಿಯಲ್ಲಿ ಆದದ್ದು ಕೋಲಾರದಲ್ಲಿ ಆಗದೆ?

ಸಿಬ್ಬಂದಿ ಎಲ್ಲಿದ್ದಾರೆ ಎಂದು ಕೇಳಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು, ಮನೆ ಮನೆ ಬಲ್ಲವರು. ಅವರಿಗೆ ಕಣ್ಣಿಗೆ ಕಾಣುವ ಅಂಗವೈಕಲ್ಯದ ಬಗ್ಗೆ ತಿಳಿವಳಿಕೆಯಿದೆ; ಮಾತು ಬಲ್ಲ ಆಟಿಸಂ ಮಗುವನ್ನು ಗುರುತಿಸುವ ತರಬೇತಿ ಬೇಕು. ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಸಲ ಹೋಗಬೇಕಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳ 30 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ ಇದೆ. ಆದರೆ 'ಮಗು ಮಾತಾಡುತ್ತದೆಯೇ?' ಎಂಬ ಪ್ರಶ್ನೆಗೆ 'ಬಾಯಿ ಮುಚ್ಚುವುದೇ ಇಲ್ಲ' ಎಂಬ ಉತ್ತರ ಬಂದರೆ ತಂಡ ಮುಂದಿನ ಮಗುವಿಗೆ ಹೋಗುತ್ತದೆ. ಮಾತು ಬರುತ್ತದೆಯೇ ಎಂಬುದರ ಜೊತೆಗೆ, ಮಾತು ಇಬ್ಬರ ನಡುವೆ ನಡೆಯುತ್ತದೆಯೇ, ಗೆಳೆಯರಿದ್ದಾರೆಯೇ, ಬಿಡುವಿನ ವೇಳೆಯಲ್ಲಿ ಎಲ್ಲಿರುತ್ತದೆ ಎಂದು ಶಿಕ್ಷಕರನ್ನು ಕೇಳಬೇಕು. ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೂ ಹೆಚ್ಚು ಕೇಳಬೇಕು. ಅವರು ಬೇರೆಯವರನ್ನು ನೋಡಿ ಅನುಕರಿಸಿ ಮುಚ್ಚಿಕೊಳ್ಳುತ್ತಾರೆ, 'ಸಂಕೋಚದ ಹುಡುಗಿ' ಎಂಬ ಹೊಗಳಿಕೆಯಲ್ಲೇ ಹತ್ತನೆಯ ತರಗತಿ ಮುಗಿಸಿಬಿಡುತ್ತಾರೆ.

ತಮ್ಮಿಂದ ಕೇಳುವುದು ಇಷ್ಟು. ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರ ಅಡಿಯ ಸ್ಥಳೀಯ ಮಟ್ಟದ ಸಮಿತಿ ತಮ್ಮ ನೇತೃತ್ವದ್ದು. ಅದರ ಕಾರ್ಯಸೂಚಿಯಲ್ಲಿ ಪೋಷಕತ್ವದ ಅರ್ಜಿಗಳ ಜೊತೆಗೆ ಈ ಮನೆಗಳನ್ನು ಸೇರಿಸುವ ವಿಷಯವೂ ಒಂದು ಸಾಲಾಗಿ ಬರಲಿ. ಮನೆಗಳ ಪಟ್ಟಿ ಹೊರಗೆ ಬರಬಾರದು, ಸರಿ. ಆದರೆ ಹೆಸರು ಗೊತ್ತಿರುವ ಕಚೇರಿಗಳು ಒಂದು ಚೀಟಿಯನ್ನು ಒಳಗೆ ತಲುಪಿಸಬಹುದಲ್ಲ? ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಬಂದವರಿಗೆ, ಜಿಲ್ಲಾಸ್ಪತ್ರೆಯಲ್ಲಿ ಮಾಪಕದ ಪರೀಕ್ಷೆಗೆ ಬಂದವರಿಗೆ, ಅದರಲ್ಲೂ 70ರ ಕೆಳಗೆ ಉಳಿದು ಬರಿಗೈಯಲ್ಲಿ ಹೊರಡುವವರಿಗೆ, ಅಂಗೈಯಗಲದ ಕಾಗದ ಕೊಡಲಿ: 'ನಿಮ್ಮಂಥ ಮನೆಯವರು ತಿಂಗಳ ಇಂಥ ದಿನ ಇಂಥಲ್ಲಿ ಸೇರುತ್ತಾರೆ. ಬರುವುದು ಬಿಡುವುದು ನಿಮ್ಮಿಷ್ಟ. ಹೆಸರು ಬರೆಸಬೇಕಾಗಿಲ್ಲ.' ಒಂದು ಕಾಗದದ ಬೆಲೆ ಎಷ್ಟೆಂದು ಲೇಖನ ಸಾಮಗ್ರಿಯ ಬಿಲ್ಲು ನೋಡಿದವನಿಗೆ ಗೊತ್ತು.

ಸೇರಲು ತಾಲ್ಲೂಕಿಗೊಂದು ಕೊಠಡಿ ಬೇಕು. ತಾಲ್ಲೂಕು ಪಂಚಾಯಿತಿಯ ತರಬೇತಿ ಕಟ್ಟಡವಾದ ಸಾಮರ್ಥ್ಯ ಸೌಧ ಆಗಬಹುದು, ಭಾನುವಾರ ಖಾಲಿಯಿರುವ ಶಾಲೆಯೂ ಆಗಬಹುದು. ಪ್ರತಿಧ್ವನಿ ಇರುವ ಸಭಾಂಗಣ ಮಾತ್ರ ಬೇಡ. ಕಿವಿ ಸೂಕ್ಷ್ಮವಾದ ಮಕ್ಕಳಿಗೆ ಅದು ನರಕ. ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೇ ಇರಲಿ. ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ಬಂದವರು ಸಂಜೆಯ ಹಾಲಿಗೆ ಮನೆ ಸೇರಬೇಕು; ಇದನ್ನು ಮರೆತು ನಾಲ್ಕು ಗಂಟೆಗೆ ಸಭೆ ಕರೆದು 'ಫಲಾನುಭವಿಗಳು ಆಸಕ್ತಿ ತೋರಲಿಲ್ಲ' ಎಂದು ವರದಿ ಬರೆದದ್ದನ್ನು ನನ್ನ ಸೇವೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಾವಿನ ಸುಗ್ಗಿಯ ಎರಡು ತಿಂಗಳು ಶ್ರೀನಿವಾಸಪುರದ ಕಡೆ ಯಾರೂ ಬರುವುದಿಲ್ಲ, ಆಗ ಬಿಟ್ಟುಬಿಡಿ. ಸ್ಥಳೀಯ ಸಂಸ್ಥೆಗಳ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇಕಡಾ 5ರ ಹಣದಿಂದ ಬಸ್ಸಿನ ಖರ್ಚು, ಮಕ್ಕಳಿಗೆ ತಿಂಡಿ ಕೊಡಬಹುದೆಂದು ಒಂದು ಸ್ಪಷ್ಟನೆ ಹೊರಟರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಆಕ್ಷೇಪಣೆಯ ಭಯ ತಪ್ಪುತ್ತದೆ. ಆಡಿಟ್ ಆಕ್ಷೇಪಣೆಗೆ ಹೆದರಿ ಒಳ್ಳೆಯ ಕೆಲಸ ನಿಲ್ಲಿಸಿದವರನ್ನು ನಾನು ದೂರುವುದಿಲ್ಲ, ಆ ಭಯ ನನಗೆ ಚೆನ್ನಾಗಿ ಗೊತ್ತು.

ಹತ್ತನೆಯ ತರಗತಿಯ ಮಕ್ಕಳಿಗಾಗಿ ಒಂದು ಅವಸರದ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿಗೆ ಶಾಲೆಯ ಮೂಲಕ ಮುಂಚಿತವಾಗಿ ಮಂಡಳಿಯ ಅನುಮತಿ ಪಡೆಯಬೇಕು. ಮನೆಯವರಿಗೆ ಇದು ತಿಳಿಯುವುದು ಪ್ರವೇಶಪತ್ರ ಕೈಗೆ ಬಂದ ಮೇಲೆ. ಶಾಲೆಗಳು ಜೂನ್ ತಿಂಗಳಲ್ಲೇ ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಲಿ.

ಇನ್ನು ಜಿಲ್ಲೆಯ ಜನರಿಗೆ. ನಿಮ್ಮಿಂದ ಹಣ ಬೇಡ, ಅನುಕಂಪ ಬೇಡ. ಬಸ್ಸಿನಲ್ಲಿ ಮಗು ಕಿವಿ ಮುಚ್ಚಿಕೊಂಡು ಅಳುವಾಗ 'ಎರಡು ಬಾರಿಸಿದರೆ ಸರಿಹೋಗುತ್ತಾನೆ' ಎಂದು ತಾಯಿಗೆ ಉಪದೇಶ ಮಾಡದಿದ್ದರೆ ಅದೇ ದೊಡ್ಡ ಉಪಕಾರ. ಮದುವೆ ಮನೆಯಲ್ಲಿ ಮುಹೂರ್ತದ ಗಟ್ಟಿಮೇಳಕ್ಕೆ ಮೊದಲು ಆ ಮಗುವನ್ನು ಹೊರಗೆ ಕರೆದೊಯ್ಯಲು ತಾಯಿಗೆ ಸನ್ನೆ ಮಾಡಿ. ನಿಮ್ಮ ಮಗನ ಹುಟ್ಟುಹಬ್ಬಕ್ಕೆ ತರಗತಿಯವರನ್ನೆಲ್ಲ ಕರೆದು ಒಬ್ಬನನ್ನು ಬಿಡಬೇಡಿ. ಅವನು ಬಂದು ಅರ್ಧ ಗಂಟೆ ಮೂಲೆಯಲ್ಲಿ ಕುಳಿತು ಹೋದರೂ ಹೋಗಲಿ. ಸಂಬಂಧ ನೋಡಲು ಹೋದಾಗ ಮನೆಯಲ್ಲಿ ಇಂಥ ಮಗುವಿದೆ ಎಂದು ತಿಳಿದರೆ, ಆ ಮನೆಯವರು ಅದನ್ನು ಹೇಗೆ ಸಾಕುತ್ತಿದ್ದಾರೆ ಎಂದು ನೋಡಿ. ಹೆಣ್ಣು ಕೊಡುವ ತರುವ ನಿರ್ಧಾರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಜಾತಕದಲ್ಲಿದೆ? ಶಾಲೆಯಲ್ಲಿ ಈ ಮಕ್ಕಳನ್ನು ಗುರಿಮಾಡಿ ಕಾಡುವ ಹುಡುಗರು ನಮ್ಮ ನಿಮ್ಮ ಮನೆಯವರೇ. ಹರೆಯದಲ್ಲಿ ಈ ಮಕ್ಕಳಿಗೆ ಆತಂಕ, ಖಿನ್ನತೆ ಉಳಿದವರಿಗಿಂತ ಹೆಚ್ಚು. ಅದಕ್ಕೆ ಆಟಿಸಂ ಒಂದೇ ಕಾರಣವಲ್ಲ, ದಿನವೂ ನಗೆಪಾಟಲಾಗುವುದೂ ಕಾರಣ.

ಡೇರಿಯ ಹಿರಿಯರ ವಿಚಾರ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಒಂದು ವಾರ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ನಾನೇ ಹೋಗಿ ಕುಳಿತು, ಹುಡುಗನ ಮೆದುಳು ಹೀಗೆ ಕೆಲಸ ಮಾಡುತ್ತದೆ ಎಂದು ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಂಗಿಯ ಮಗನೊಬ್ಬ ಹೀಗೆಯೇ ಇದ್ದ, ಯಾರೊಡನೆಯೂ ಸೇರದೆ ನಲವತ್ತು ವರ್ಷ ತೋಟದ ಮನೆಯಲ್ಲೇ ಕಳೆದ ಎಂದರು. ಆಗ ಅವನ ಸ್ಥಿತಿಗೆ ಒಂದು ಹೆಸರೂ ಇರಲಿಲ್ಲ, ಹುಚ್ಚ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಲ್ಲೇ 15 ಲಕ್ಷ ದಾಟಿದ್ದ ಜಿಲ್ಲೆ ನಮ್ಮದು. ಲೆಕ್ಕ ಹಾಕಿಕೊಳ್ಳಿ, ಎಷ್ಟು ತೋಟದ ಮನೆಗಳು.

ಪತ್ರದ ಕೆಳಗೆ ಹೆಸರು ಹಾಕುತ್ತಿಲ್ಲ. ಬಹಿರಂಗ ಪತ್ರಕ್ಕೆ ಹೆಸರಿಲ್ಲದಿರುವುದು ವಿಚಿತ್ರವೆಂದು ಬಲ್ಲೆ. ಆದರೆ ಹೆಸರು ನನ್ನದೊಂದೇ ಅಲ್ಲ, ಅದರ ಹಿಂದೆಯೇ ಹುಡುಗನದೂ ಬರುತ್ತದೆ. ಅವನ ಚೀಟಿಯನ್ನು ಊರಿಗೆ ತೋರಿಸುವುದೋ ಬಿಡುವುದೋ ಎಂಬುದನ್ನು ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಬೇಕು. ತಮ್ಮ ಕಚೇರಿಗೆ ಪೂರ್ಣ ವಿಳಾಸದೊಡನೆ ಇದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಅದರಲ್ಲಿ ತೋಟದ ಮನೆಯ ದಾರಿಯನ್ನೂ ಮುಂದಿನ ಸಭೆಯ ದಿನವನ್ನೂ ಬರೆದಿದ್ದೇನೆ. ತಾವು ಬಂದರೆ ಸಂತೋಷ. ಬರಲಾಗದಿದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳನ್ನಾದರೂ ಕಳಿಸಿ. ಹಾರ, ಶಾಲು, ಫೋಟೋಗ್ರಾಫರ್ ಬೇಡ. ವಾಹನದ ಸೈರನ್ ತಿರುವಿನಲ್ಲೇ ನಿಲ್ಲಿಸುವಂತೆ ಚಾಲಕರಿಗೆ ಹೇಳಿ. ಅಲ್ಲಿಗೆ ಬಂದ ಮೇಲೆ ಒಬ್ಬ ಹುಡುಗ ತಮ್ಮ ವಾಹನ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆಂದು ಕೇಳುತ್ತಾನೆ. ದಯವಿಟ್ಟು ಸರಿಯಾದ ಅಂಕಿಯನ್ನೇ ಹೇಳಿ, ಅವನು ಬರೆದಿಟ್ಟುಕೊಳ್ಳುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ